ಶಾಲಿಗಿಂತ ಮೊದಲು ಚಂದಾ ಕೊಡಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಸೀಮೆಯ ಕಲಾಭಿಮಾನಿಗಳಿಗೆ,



2025ರ ಮೇ 20ರಂದು ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ಹೆಸರನ್ನು ಕರೆದಾಗ ಇಲ್ಲಿ ನಾವೆಲ್ಲ ಎದೆಯುಬ್ಬಿಸಿಕೊಂಡೆವು. ಕನ್ನಡದ ಪುಸ್ತಕವೊಂದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. 50,000 ಪೌಂಡ್‌ಗಳ ಬಹುಮಾನವನ್ನು ಲೇಖಕಿಯೂ ಮಡಿಕೇರಿಯ ಅನುವಾದಕಿ ದೀಪಾ ಭಾಸ್ತಿಯವರೂ ಸಮಸಮವಾಗಿ ಹಂಚಿಕೊಂಡರು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನೇ ಕರೆದರು. ಅಭಿನಂದನೆಗಳಿಗಂತೂ ಲೆಕ್ಕವೇ ಇಲ್ಲ.

ಆ ಸಡಗರದಲ್ಲಿ ಒಂದು ಸಂಗತಿಯ ಬಗ್ಗೆ ನಾವು ಮಾತಾಡಲಿಲ್ಲ. ಅದಕ್ಕೇ ಈ ಪತ್ರ.

ಬುಕರ್ ಬಂದ ಆ ‘ಹಾರ್ಟ್ ಲ್ಯಾಂಪ್’ ಪುಸ್ತಕವನ್ನು ಇಂಗ್ಲೆಂಡಿನಲ್ಲಿ ಹೊರತಂದದ್ದು ಆಂಡ್ ಅದರ್ ಸ್ಟೋರೀಸ್ ಎಂಬ ಪುಟ್ಟ ಪ್ರಕಾಶನ. ಶೆಫೀಲ್ಡಿನದು. ಅದರ ಬೆನ್ನಿಗೆ ನಿಂತಿರುವವರು ಚಂದಾದಾರರು. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಅವರು ಮುಂಗಡವಾಗಿ ಹಣ ಕಟ್ಟುತ್ತಾರೆ. ಬರುವ ಪುಸ್ತಕ ಯಾವ ದೇಶದ್ದು, ಬರೆದವರು ಯಾರು, ಅದು ತಮಗೆ ರುಚಿಸುತ್ತದೋ ಇಲ್ಲವೋ ಎಂಬುದು ಹಣ ಕಟ್ಟುವ ಹೊತ್ತಿಗೆ ಅವರಿಗೆ ಗೊತ್ತಿರಬೇಕೆಂದೇನೂ ಇಲ್ಲ. ಆ ಪ್ರಕಾಶನದ ಪುಸ್ತಕಗಳ ಕೊನೆಯ ಪುಟಗಳಿಗೆ ಬಂದರೆ ಸಣ್ಣ ಅಕ್ಷರಗಳಲ್ಲಿ ಹೆಸರುಗಳು ಒತ್ತೊತ್ತಾಗಿ ಅಚ್ಚಾಗಿರುತ್ತವೆ. ಅಲ್ಲಿ ಮಂತ್ರಿಗಳಿಲ್ಲ, ಅಧ್ಯಕ್ಷರಿಲ್ಲ. ಮುಂಗಡ ಕೊಟ್ಟ ಸಾಮಾನ್ಯ ಓದುಗರಿದ್ದಾರೆ. ಅನುವಾದದ ಖರ್ಚಿಗೆ ನೆರವಾಗುವ ಇಂಗ್ಲಿಷ್ ಪೆನ್ ಸಂಸ್ಥೆಯ ಪುರಸ್ಕಾರವೂ 2024ರಲ್ಲೇ ಈ ಕೃತಿಗೆ ಸಂದಿತ್ತು. ಅಂದರೆ ಬಹುಮಾನದ ಮಾತು ಯಾರ ಕನಸಿನಲ್ಲೂ ಇಲ್ಲದಾಗ, ಹಾಸನ ಎಲ್ಲಿದೆಯೆಂದು ತಿಳಿಯದ ಜನ ನಮ್ಮೂರಿನ ಕಥೆಗಳಿಗೆ ಜೇಬಿನಿಂದ ಹಣ ತೆಗೆದಿದ್ದರು. ಹಾಸನದಲ್ಲೇ ಹುಟ್ಟಿ ಬೆಳೆದ ನಾವು ಆಮೇಲೆ ಹಾರ ತಂದೆವು.

ಈ ವಿಪರ್ಯಾಸವನ್ನು ಯಾರನ್ನೋ ಚುಚ್ಚಬೇಕೆಂದು ಹೇಳುತ್ತಿಲ್ಲ. ಸಭೆಗಳಿಗೆ ಕುರ್ಚಿ ಹಾಕುವುದು, ಬ್ಯಾನರ್ ಕಟ್ಟುವುದು, ಅತಿಥಿಗಳನ್ನು ಬಸ್ ನಿಲ್ದಾಣದಿಂದ ಕರೆತರುವುದು ಇವನ್ನೆಲ್ಲ ಮಾಡುತ್ತ ನಿಮ್ಮ ಜೊತೆಯಲ್ಲೇ ಇದ್ದವನು ನಾನು. ನಿಮ್ಮ ಪ್ರೀತಿಯಲ್ಲಿ ಸುಳ್ಳಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಪ್ರೀತಿ ಹೊತ್ತು ಮೀರಿ ಬರುತ್ತದೆ ಎಂಬುದಷ್ಟೇ ನನ್ನ ಸಂಕಟ.

ಮುಂಗಡ ಚಂದಾ ಎಂಬುದು ಇಂಗ್ಲಿಷರ ಉಪಾಯ, ನಮ್ಮಲ್ಲಿ ನಡೆಯದು ಎನ್ನುವವರಿಗೆ ಧಾರವಾಡದ ಮನೋಹರ ಗ್ರಂಥಮಾಲೆಯನ್ನು ನೆನಪಿಸುತ್ತೇನೆ. ಜಿ.ಬಿ. ಜೋಶಿಯವರು 1933ರಲ್ಲಿ ಅದನ್ನು ಶುರುಮಾಡಿದ್ದೇ ಚಂದಾದಾರರನ್ನು ನಂಬಿ. ವರ್ಷದ ಚಂದಾ ಕಟ್ಟಿದವರ ಮನೆಗೆ ಪುಸ್ತಕಗಳು ಬರುತ್ತಿದ್ದವು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು ಆ ಮಾಲೆಯಲ್ಲೇ. ಹತ್ತಿರದ ಉದಾಹರಣೆ ಬೇಕೆಂದರೆ ಪವನ್ ಕುಮಾರ್ ಅವರ ‘ಲೂಸಿಯಾ’ ಇದೆ. 110 ಜನ ಸೇರಿ 51 ಲಕ್ಷದಷ್ಟು ಹಣ ಕೂಡಿಸಿಕೊಟ್ಟರು. 2013ರಲ್ಲಿ ಚಿತ್ರ ತೆರೆಗೆ ಬಂತು. ಇನ್ನೂ ಹತ್ತಿರ ಬರೋಣ. ಬಾನು ಮುಷ್ತಾಕ್ 80ರ ದಶಕದಲ್ಲಿ ವರದಿಗಾರ್ತಿಯಾಗಿ ದುಡಿದ ಲಂಕೇಶ್ ಪತ್ರಿಕೆ ಜಾಹೀರಾತನ್ನೇ ಮುಟ್ಟದೆ, ವಾರವಾರ ಕೊಂಡು ಓದುವವರ ಹಣದಿಂದಲೇ ನಡೆಯಿತು. ಹಾಸನದಲ್ಲೂ ಚನ್ನರಾಯಪಟ್ಟಣದಲ್ಲೂ ಅಂಗಡಿ ಮುಂದೆ ನಿಂತು ಅದನ್ನು ಕೊಂಡವರು ಇದನ್ನು ಓದುತ್ತಿರುವವರಲ್ಲೂ ಇದ್ದೀರಿ. ಆ ಚಿಲ್ಲರೆಯಲ್ಲಿ ಒಬ್ಬ ಲೇಖಕಿಯ ಬರವಣಿಗೆಯ ಅಭ್ಯಾಸವೂ ಸಾಗಿತ್ತು. ಆದ್ದರಿಂದ ಆರಂಭದಲ್ಲೂ ಕೊನೆಯಲ್ಲೂ ಓದುಗರ ಹಣ ಆಕೆಯ ಬೆನ್ನಿಗಿತ್ತು. ನಡುವಿನ ಮೂರು ದಶಕ ಮಾತ್ರ ಆಕೆಯ ಸ್ವಂತ ಜವಾಬ್ದಾರಿ.

ಆ ನಡುವಿನ ಕಾಲದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ‘ಹಾರ್ಟ್ ಲ್ಯಾಂಪ್’ನಲ್ಲಿರುವ 12 ಕಥೆಗಳು 1990ರಿಂದ 2023ರ ಅವಧಿಯಲ್ಲಿ ಬರೆದವು. ಆಕೆ ಬರೆದದ್ದು ಅಷ್ಟೇ ಅಲ್ಲ, ಆರು ಕಥಾಸಂಕಲನಗಳಿವೆ. ಆದರೆ ಹಗಲಿಗೆ ಹಾಸನದ ನ್ಯಾಯಾಲಯವಿತ್ತು, ಕಕ್ಷಿದಾರರಿದ್ದರು, ನಗರಸಭೆಯ ಸದಸ್ಯತ್ವವಿತ್ತು, ಮನೆಯಿತ್ತು, ಹೋರಾಟಗಳಿದ್ದವು. ಕಥೆಗೆ ಉಳಿದದ್ದು ಇವೆಲ್ಲದರ ನಂತರದ ಹೊತ್ತು. ವಕೀಲಿಕೆಯೇ ಕಥೆಗಳಿಗೆ ವಸ್ತು ಕೊಟ್ಟಿತು ಎಂಬ ಮಾತು ನಿಜ. ತಲಾಖ್ ಪಡೆದ ಹೆಂಗಸು ವಕೀಲರ ಕಚೇರಿಯ ಬೆಂಚಿನ ಮೇಲೆ ಕೂತು ಹೇಳುವುದನ್ನು ಬೇರೆಲ್ಲೂ ಕೇಳಲಾಗದು. ಹಾಗೆಂದು ಬರೆಯಲು ಬೇಕಾದ ಬಿಡುವನ್ನು ಅದು ಕೊಟ್ಟಿತೆಂದು ನಾವು ತಿಳಿದರೆ, ಎಷ್ಟು ಕಥೆಗಳು ಬರೆಯದೆ ಉಳಿದವು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಂಡಂತಾಗುತ್ತದೆ.

ನಮ್ಮ ಜಿಲ್ಲೆಯ ಹೆಸರಾಂತ ಬರಹಗಾರರ ಬದುಕನ್ನು ನೋಡಿದರೂ ಹೊತ್ತು ಮತ್ತು ಹೊಟ್ಟೆಯ ಈ ಜಗ್ಗಾಟವೇ ಕಾಣುತ್ತದೆ. ಕೋಲಾರದಲ್ಲಿ ಹುಟ್ಟಿದರೂ ಹೆಸರಿನ ಮೊದಲ ಅಕ್ಷರದಲ್ಲಿ ಅರಕಲಗೂಡನ್ನು ಹೊತ್ತ ಅ.ನ.ಕೃ. ಬರವಣಿಗೆಯನ್ನೇ ಜೀವನೋಪಾಯ ಮಾಡಿಕೊಂಡರು. 1908ರಲ್ಲಿ ಹುಟ್ಟಿ 1971ರಲ್ಲಿ ತೀರಿಕೊಂಡ ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಇಷ್ಟೊಂದು ಯಾಕೆ ಬರೆದರು, ಸ್ವಲ್ಪ ತಡೆದು ಬರೆದಿದ್ದರೆ ಇನ್ನೂ ಗಟ್ಟಿಯಾಗಿರುತ್ತಿತ್ತು ಎಂದು ವಿಮರ್ಶಕರು ಹೇಳುತ್ತಲೇ ಬಂದಿದ್ದಾರೆ. ತಡೆದು ಬರೆಯುವ ತಿಂಗಳುಗಳಿಗೆ ಮನೆಬಾಡಿಗೆ ಯಾರು ಕೊಡುತ್ತಿದ್ದರು ಎಂದು ಮಾತ್ರ ಯಾರೂ ಕೇಳಲಿಲ್ಲ. ಅಚ್ಚಾದ ಪುಸ್ತಕಕ್ಕೆ ಹಣ ಬರುತ್ತದೆ, ಬರೆಯುವ ಹೊತ್ತಿಗೆ ಬರುವುದಿಲ್ಲ ಎಂದಾದರೆ ಲೇಖಕ ಪುಸ್ತಕಗಳ ಸಂಖ್ಯೆ ಹೆಚ್ಚಿಸದೆ ಇನ್ನೇನು ಮಾಡಬೇಕು? ಸಂಗೀತಗಾರನ ಬದುಕನ್ನು ‘ಸಂಧ್ಯಾರಾಗ’ದಲ್ಲೂ ಚಿತ್ರಕಾರನ ಬದುಕನ್ನು ‘ಉದಯರಾಗ’ದಲ್ಲೂ ಬರೆದವರು ಅವರೇ. ಕಲಾವಿದನ ಹಸಿವು ಅವರಿಗೆ ಪುಸ್ತಕದಿಂದ ತಿಳಿದದ್ದಾಗಿರಲಾರದು.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು ಹಿಡಿದದ್ದು ಬೇರೆ ದಾರಿ. ವಾರಾನ್ನ ಉಂಡು ಓದಿದ ಹುಡುಗ ಅವರು. ಪ್ಲೇಗಿಗೆ ಮನೆಯವರನ್ನು ಕಳೆದುಕೊಂಡವರು. ಅವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಆ ಪುಟಗಳು ಮರೆಯುವುದಿಲ್ಲ. ಅವರು ಬರವಣಿಗೆಯನ್ನು ಅನ್ನಕ್ಕೆ ಹಚ್ಚಲಿಲ್ಲ. ಹುಬ್ಬಳ್ಳಿ, ಗುಜರಾತ್, ದೆಹಲಿ, ಮೈಸೂರು ಎಂದು ಊರೂರಲ್ಲಿ ತತ್ತ್ವಶಾಸ್ತ್ರ ಪಾಠ ಮಾಡಿ, ನಿವೃತ್ತಿಯವರೆಗೂ ಸಂಬಳದಲ್ಲೇ ಬದುಕಿದರು. ಆದ್ದರಿಂದ ‘ಪರ್ವ’ದಂಥ ಕೃತಿಗೆ ಬೇಕಾದಷ್ಟು ವರ್ಷ ತೆಗೆದುಕೊಳ್ಳಲು, ಯಾರ ಮುಲಾಜೂ ಇಲ್ಲದೆ ಬರೆಯಲು ಅವರಿಗೆ ಸಾಧ್ಯವಾಯಿತು. ಒಪ್ಪುವವರು ಒಪ್ಪಿದರು, ಜಗಳಾಡುವವರು ಜಗಳಾಡಿದರು; ಅವರ ಅಡುಗೆಮನೆ ಎರಡಕ್ಕೂ ಕಾಯುತ್ತಿರಲಿಲ್ಲ. ಇಂದು ಹಾಗೆ ಪಾಠ ಹೇಳಿಕೊಂಡು ಬರೆಯುತ್ತೇನೆ ಎನ್ನುವ ಹುಡುಗ ಹುಡುಗಿಯರಿಗೆ ಕಾಯಂ ನೌಕರಿ ಎಲ್ಲಿದೆ? ಅತಿಥಿ ಉಪನ್ಯಾಸಕರಾಗಿ ಮೂರು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಓಡಾಡುವ ಬರಹಗಾರರನ್ನು ನೀವೂ ಕಂಡಿದ್ದೀರಿ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಸಂಗತಿಯೂ ಇದೇ ಜಾತಿಯದು. ಕಾವೇರಿ ದಂಡೆಯ ಆ ಪುಟ್ಟ ಸಂಕೇತಿ ಗ್ರಾಮ ಕರ್ನಾಟಕ ಸಂಗೀತಕ್ಕೆ ಕೊಟ್ಟಷ್ಟು ವಿದ್ವಾಂಸರನ್ನು ದೊಡ್ಡ ನಗರಗಳೂ ಕೊಟ್ಟಿರಲಾರವು. ಆರ್.ಕೆ. ಶ್ರೀಕಂಠನ್ ಅಲ್ಲಿಯವರು, ರುದ್ರಪಟ್ಟಣ ಸಹೋದರರು ಅಲ್ಲಿಯವರು, ಆರ್.ಕೆ. ಪದ್ಮನಾಭ ಅಲ್ಲಿಯವರು. ಆದರೆ ಹಾಡಿ ಬದುಕಲು ಅವರು ಮೈಸೂರು, ಬೆಂಗಳೂರು ಸೇರಬೇಕಾಯಿತು. ಶ್ರೀಕಂಠನ್ ಅವರಿಗೆ ಆಕಾಶವಾಣಿಯ ನೌಕರಿ ಆಸರೆಯಾಯಿತು. ಪದ್ಮಭೂಷಣ ಬಂದದ್ದು 2011ರಲ್ಲಿ, ಅವರು 90 ದಾಟಿದ ಮೇಲೆ. ಊರಿನ ಋಣವನ್ನು ಮರೆಯದವರು ಸಂಗೀತಗಾರರೇ. ಪದ್ಮನಾಭ ಅವರ ಪ್ರಯತ್ನದಿಂದ ತಂಬೂರಿಯ ಆಕಾರದ ಸಪ್ತಸ್ವರ ಮಂದಿರ ಅಲ್ಲಿ ಎದ್ದು ನಿಂತಿದೆ, ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆಯುತ್ತದೆ. ಕಲಾವಿದರು ಊರಿಗೆ ಇಷ್ಟು ಮಾಡಿದ್ದಾರೆ. ಈಗ ಅಲ್ಲೇ ಉಳಿದು ಸಾಧನೆ ಮಾಡುತ್ತೇನೆ ಎನ್ನುವ ಹದಿನೆಂಟರ ಹುಡುಗಿಗೆ ಊರು ಏನು ಮಾಡುತ್ತದೆ?

ನಮ್ಮ ಜನಕ್ಕೆ ಕಲೆಗೆ ಹಣ ಬಿಚ್ಚುವ ಬುದ್ಧಿ ಇಲ್ಲ ಎಂದು ಮಾತ್ರ ನಾನು ಹೇಳಲಾರೆ. ಅದು ಹಸಿ ಸುಳ್ಳಾಗುತ್ತದೆ. ‘ಕುರುಕ್ಷೇತ್ರ’ ನಾಟಕ ಕಲಿಯುವ ಯಾವುದಾದರೂ ಹಳ್ಳಿಗೆ ಸುಗ್ಗಿ ಮುಗಿದ ಮೇಲೆ ಹೋಗಿ ನೋಡಿ.

ರಾತ್ರಿ ಊಟವಾದ ಮೇಲೆ ದೇವಸ್ಥಾನದ ಜಗಲಿಯಲ್ಲೋ ಯಾರದೋ ಕೊಟ್ಟಿಗೆಯ ಪಕ್ಕದ ಹಜಾರದಲ್ಲೋ ಜಮಖಾನ ಹಾಸಿರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಮಧ್ಯೆ, ಮಗ್ಗುಲಲ್ಲಿ ತಬಲ. ಗದ್ದೆಯಿಂದ ಬಂದ ದುರ್ಯೋಧನ, ಡೈರಿಗೆ ಹಾಲು ಹಾಕಿ ಬಂದ ಶಕುನಿ, ಬಸ್ ಡಿಪೋದಿಂದ ಡ್ಯೂಟಿ ಮುಗಿಸಿ ಬಂದ ಧರ್ಮರಾಯ ಸುತ್ತ ಕೂತಿರುತ್ತಾರೆ. ಕರ್ಣನ ಪಾತ್ರದವನಿಗೆ ಮೇಲಿನ ಷಡ್ಜ ಮುಟ್ಟಲಾಗುತ್ತಿಲ್ಲ. “ಮೇಷ್ಟ್ರೇ, ಒಂದ್ ಮನೆ ಇಳ್ಸಿ” ಎನ್ನುತ್ತಾನೆ. ಮೇಷ್ಟ್ರು ಎಡಗೈಯಲ್ಲಿ ತಿದಿ ಒತ್ತುತ್ತಲೇ ಒಂದು ಮನೆ ಇಳಿಸುತ್ತಾರೆ. ಆಗ ಕೃಷ್ಣನಿಗೆ ಶ್ರುತಿ ತೀರಾ ತಗ್ಗಾಗುತ್ತದೆ. ಅದಕ್ಕೊಂದು ಚರ್ಚೆ. ಕೊನೆಗೆ ಕರ್ಣನಿಗೆ ಮಟ್ಟನ್ನೇ ಸ್ವಲ್ಪ ತಿರುಗಿಸಿ ಹೇಳಿಕೊಡುತ್ತಾರೆ, ಅವನು ಅದನ್ನು ಪಟ್ಟಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಒಂದು ಕಂದಪದ್ಯದ ಒಂದು ಸಾಲಿಗೆ ಅರ್ಧ ಗಂಟೆ. ಹೀಗೆ ತಿಂಗಳುಗಟ್ಟಲೆ.

ಇದೆಲ್ಲ ನಡೆಯುವುದು ಯಾರ ದುಡ್ಡಿನಲ್ಲಿ? ಪಾತ್ರ ಮಾಡುವವರ ದುಡ್ಡಿನಲ್ಲಿ. ಪಾತ್ರಕ್ಕಿಷ್ಟು ಎಂದು ಮೊದಲೇ ಮಾತಾಗಿರುತ್ತದೆ. ದುರ್ಯೋಧನ, ಕೃಷ್ಣ ಆಗಬೇಕೆಂದರೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಮೇಷ್ಟ್ರಿಗೆ ವೀಳ್ಯ ಕೊಟ್ಟೇ ಕರೆತರುತ್ತಾರೆ. ಸೀನರಿಯವರಿಗೆ, ಉಡುಪಿನವರಿಗೆ, ಹೊರಗಿನಿಂದ ಬರುವ ದ್ರೌಪದಿಗೆ ಎಲ್ಲರಿಗೂ ಲೆಕ್ಕವಿದೆ. ನಾಟಕದ ರಾತ್ರಿ ನೆಂಟರು ವೇದಿಕೆ ಹತ್ತಿ ಮುಯ್ಯಿ ಮಾಡುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಹಾಸನಾಂಬ ಕಲಾಕ್ಷೇತ್ರದಲ್ಲೂ ಪೌರಾಣಿಕ ನಾಟಕಗಳಾಗುವುದು ಹೆಚ್ಚುಕಡಿಮೆ ಇದೇ ಲೆಕ್ಕಾಚಾರದಲ್ಲಿ. ಸರ್ಕಾರದ ಅನುದಾನವಿಲ್ಲದೆ, ಪ್ರಶಸ್ತಿಯ ಆಸೆಯಿಲ್ಲದೆ ಒಂದು ಕಲೆ ಈ ಕಾಲಕ್ಕೂ ಹೀಗೆ ಜೀವಂತವಾಗಿರುವುದನ್ನು ನಾನು ಅತಿ ದೊಡ್ಡ ಸಂಗತಿ ಎಂದು ತಿಳಿದಿದ್ದೇನೆ. ಇದನ್ನು ‘ಹವ್ಯಾಸಿ’ ಎಂದು ಹಗುರವಾಗಿ ಕರೆದು ಸುಮ್ಮನಾಗುವ ಪಟ್ಟಣದವರ ಬಗ್ಗೆ ನನಗೆ ಸಿಟ್ಟಿದೆ.

ಅಂದಮೇಲೆ ಇಲ್ಲಿ ಹಣವಿದೆ, ಮನಸ್ಸಿದೆ, ಮುಂಗಡ ಕೊಡುವ ರೂಢಿಯೂ ಇದೆ. ಹಾರ್ಮೋನಿಯಂ ಮೇಷ್ಟ್ರಿಗೆ ಸಿಗುವ ಈ ನ್ಯಾಯ ಚಿತ್ರ ಬರೆಯುವವರಿಗೆ, ಕಥೆ ಬರೆಯುವವರಿಗೆ, ಒಬ್ಬರೇ ಕೂತು ವೀಣೆ ನುಡಿಸುವವರಿಗೆ ಯಾಕೆ ಸಿಗುತ್ತಿಲ್ಲ? ನನಗೆ ತೋರುವ ಕಾರಣ ಇಷ್ಟು: ಮೇಷ್ಟ್ರು ದುಡಿಯುವ ಹೊತ್ತು ನಮ್ಮ ಕಣ್ಣೆದುರಿಗಿದೆ. ಆ ಅರ್ಧ ಗಂಟೆಯಲ್ಲಿ ನಾವೂ ಕೂತಿದ್ದೇವೆ, ನಮ್ಮ ಗಂಟಲೇ ಹದವಾಗುತ್ತಿದೆ. ಕಥೆಗಾರ ಒಂದು ವಾಕ್ಯವನ್ನು ಹರಿದು ಹಾಕಿ ಮತ್ತೆ ಬರೆದ ಮಧ್ಯಾಹ್ನವನ್ನು ಯಾರೂ ಕಂಡಿಲ್ಲ. ಕಾಣದ ಹೊತ್ತಿಗೆ ಕೂಲಿ ಕೊಡಬೇಕೆಂದು ನಮಗೆ ಹೊಳೆಯುವುದೇ ಇಲ್ಲ. ಪುಸ್ತಕ ಬಂದಾಗ, ಪ್ರದರ್ಶನ ನಡೆದಾಗ ಮಾತ್ರ ಅವರು ನಮ್ಮ ಕಣ್ಣಿಗೆ ಬೀಳುತ್ತಾರೆ. ಆಗ ನಮ್ಮ ಕೈಯಲ್ಲಿ ಶಾಲು ಇರುತ್ತದೆ.

ಹೊಳೆನರಸೀಪುರದ ಕಡೆಯ ಒಬ್ಬ ಚಿತ್ರಕಲಾವಿದರ ಮನೆಗೆ ಹೋಗಿದ್ದೆ. ಹೆಸರು ಬೇಡ, ಅವರೂ ಬಯಸುವುದಿಲ್ಲ. ನಡುಮನೆಯ ಷೋಕೇಸಿನ ತುಂಬ ಸ್ಮರಣಿಕೆಗಳು. ಗಾಜಿನವು, ಹಿತ್ತಾಳೆ ಬಣ್ಣದ ಪ್ಲಾಸ್ಟಿಕ್ಕಿನವು, ಗಡಿಯಾರ ಕೂರಿಸಿದವು, ಬೇಲೂರಿನ ಮದನಿಕೆಯ ಅಚ್ಚು ಹೊಯ್ದವು. ಕಪಾಟಿನಲ್ಲಿ ಮಡಿಸಿಟ್ಟ ಶಾಲುಗಳು, ಮೇಲೆ ಎರಡು ಮೈಸೂರು ಪೇಟ. ಒಳಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸುಗಳಲ್ಲಿ ಮೂರು ಅರ್ಧಕ್ಕೆ ನಿಂತಿದ್ದವು. ಮದುವೆ ಸೀಸನ್ನಿನಲ್ಲಿ ಛತ್ರಗಳ ವೇದಿಕೆಯ ಹಿನ್ನೆಲೆ ಬರೆಯುತ್ತಾರೆ. ಶಾಲೆ ಶುರುವಾಗುವ ಮೊದಲು ತರಗತಿಯ ಗೋಡೆಗಳಿಗೆ ಆನೆ, ಒಂಟೆ, ಸೌರಮಂಡಲ ಬರೆಯುತ್ತಾರೆ. ಚುನಾವಣೆ ಬಂದರೆ ಗೋಡೆಬರಹ. ಆ ಕೆಲಸಗಳ ಬಗ್ಗೆ ಅವರಿಗೆ ಕೀಳರಿಮೆಯಿಲ್ಲ, ಆನೆಯ ಕಣ್ಣನ್ನು ಮಕ್ಕಳು ಮುಟ್ಟಿ ನೋಡುವಂತೆ ಬರೆಯುತ್ತಾರೆ. “ಸನ್ಮಾನ ಬೇಡ ಅನ್ನಕ್ಕಾಗಲ್ಲ, ಪ್ರೀತಿಯಿಂದ ಕರೀತಾರೆ. ಹೋಗಿ ಬಂದ್ರೆ ಒಂದ್ ದಿನ ಹೋಯ್ತು. ಆ ದಿನದ ಬೆಳಕೂ ಹೋಯ್ತು” ಎಂದರು. ಎಣ್ಣೆವರ್ಣದಲ್ಲಿ ಕೆಲಸ ಮಾಡುವವರಿಗೆ ಹಗಲ ಬೆಳಕು ಎಂದರೆ ಏನು ಎಂಬುದನ್ನು ಸನ್ಮಾನ ಸಮಿತಿಯ ಸಭೆಯಲ್ಲಿ ನಾವು ಯಾವತ್ತೂ ಚರ್ಚಿಸಿದ್ದಿಲ್ಲ.

ಸರ್ಕಾರ ಇದೆಯಲ್ಲ ಎನ್ನಬಹುದು. ಇದೆ. ಕಲಾವಿದರ ಮಾಸಾಶನವೂ ಇದೆ. ಆದರೆ ಅದಕ್ಕೆ ಅರ್ಜಿ ಹಾಕಬೇಕಾದರೆ 58 ವರ್ಷ ತುಂಬಬೇಕು. ದುಡಿದು ಸವೆದವರನ್ನು ನೋಡಿಕೊಳ್ಳುವ ಆ ಯೋಜನೆ ಬೇಕೇ ಬೇಕು. ಅದು ಮೂವತ್ತೆರಡರ ಕವಯಿತ್ರಿಗೆ ಈ ವರ್ಷ ಬರೆಯಲು ಬಿಡುವು ಕೊಡಲಾರದು. ಅಕಾಡೆಮಿಗಳ ಪ್ರಶಸ್ತಿಗಳೂ ಆದ ಕೆಲಸಕ್ಕೆ ಬರುವಂಥವು. ಆಗಬೇಕಾದ ಕೆಲಸಕ್ಕೆ ಹಣ ಕೊಡಬಲ್ಲವರು ನಾವೇ.

ನಾನು ಕೇಳುತ್ತಿರುವುದು ದೊಡ್ಡ ಮೊತ್ತವಲ್ಲ. ಹಾಸನದಲ್ಲಿ ಐವತ್ತು ಜನ, ಹೊಳೆನರಸೀಪುರದಲ್ಲಿ ಐವತ್ತು, ಅರಕಲಗೂಡಿನಲ್ಲಿ ಐವತ್ತು, ಚನ್ನರಾಯಪಟ್ಟಣದಲ್ಲಿ ಐವತ್ತು. ಒಬ್ಬೊಬ್ಬರು ತಿಂಗಳಿಗೆ 100 ರೂಪಾಯಿ. ಆಗ ತಿಂಗಳಿಗೆ 20,000 ರೂಪಾಯಿ ಆಗುತ್ತದೆ, ವರ್ಷಕ್ಕೆ 2,40,000. ಅದರಲ್ಲಿ ಒಬ್ಬ ಕಲಾವಿದೆ ಅಥವಾ ಕಲಾವಿದ ಒಂದು ವರ್ಷ ಮದುವೆ ಛತ್ರಗಳ ಕೆಲಸ ಬಿಟ್ಟು ಅರ್ಧಕ್ಕೆ ನಿಂತದ್ದನ್ನು ಮುಗಿಸಬಹುದು. ಮುಂದಿನ ವರ್ಷ ಇನ್ನೊಬ್ಬರು. ಎಲ್ಲರ ಮೊಬೈಲಿನಲ್ಲೂ ಯುಪಿಐ ಇದೆ. ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗುವ ಕಷ್ಟವೂ ಈಗ ಇಲ್ಲ. ಯಾರಿಗೆ ಕೊಡಬೇಕೆಂಬುದನ್ನು ನಾಲ್ಕೂ ಊರುಗಳ ನಾಲ್ಕಾರು ಜನ ಓದುಗರು, ಕೇಳುಗರು, ನೋಡುಗರು ಕೂತು ತೀರ್ಮಾನಿಸಲಿ. ತಮ್ಮ ಜಾತಿಯವರು, ತಮ್ಮ ಪಕ್ಷದವರು ಎಂದು ನೋಡುವವರನ್ನು ಆ ಸಮಿತಿಯಿಂದ ದೂರವಿಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಒಳ್ಳೆಯ ಕೆಲಸಗಳು ನಮ್ಮಲ್ಲಿ ಕೆಡುವುದು ಬಹುತೇಕ ಅಲ್ಲೇ.

ಹಣ ಕೊಟ್ಟವರಿಗೂ ಕೆಲವು ಕಟ್ಟುಪಾಡು ಬೇಕು. ನೂರು ರೂಪಾಯಿ ಕೊಟ್ಟ ಮಾತ್ರಕ್ಕೆ ನಮ್ಮ ಸಮುದಾಯದ ಬಗ್ಗೆ ಹೀಗೇ ಬರೆಯಬೇಕು, ನಮ್ಮ ದೇವರ ಚಿತ್ರ ಹೀಗೇ ಇರಬೇಕು ಎನ್ನುವ ಹಕ್ಕು ಬರುವುದಿಲ್ಲ. ಬಾನು ಮುಷ್ತಾಕ್ ಅವರ ಕಥೆಗಳು ಅವರ ಸುತ್ತಲಿನವರಿಗೆ ಹಿತವಾಗಿರಲಿಲ್ಲ. 2000ದ ಸುಮಾರಿಗೆ ಅವರು ಬಹಿಷ್ಕಾರವನ್ನೇ ಎದುರಿಸಿದರು. ಅಂಥ ಕಥೆ ಬರೆಯುವವರ ಹೊಟ್ಟೆಪಾಡು ಹತ್ತಿರದವರ ಮರ್ಜಿಯಲ್ಲಿದ್ದರೆ ಆ ಕಥೆಗಳೇ ಹುಟ್ಟುತ್ತಿರಲಿಲ್ಲ. ಆಕೆಯ ವಕೀಲಿಕೆ ಆಕೆಯನ್ನು ಕಾದಿತು. ನಮ್ಮ ಚಂದಾ ಕಲಾವಿದರನ್ನು ಹಾಗೆ ಕಾಯಬೇಕೇ ಹೊರತು ಮೂಗುದಾರ ಆಗಬಾರದು. ನೂರಾರು ಜನರ ಸಣ್ಣ ಸಣ್ಣ ಹಣ ಒಬ್ಬ ಸಾಹುಕಾರನ ದೊಡ್ಡ ಹಣಕ್ಕಿಂತ ಮೇಲು ಎನ್ನುವುದು ಈ ಕಾರಣಕ್ಕೆ. ಒಬ್ಬರು ಮುನಿಸಿಕೊಂಡು ನಿಲ್ಲಿಸಿದರೆ ಉಳಿದವರಿರುತ್ತಾರೆ.

ಇನ್ನೊಂದು ಅಪಾಯವಿದೆ. ಬೆಂಬಲಿಗರನ್ನು ಖುಷಿಯಾಗಿಡುವುದೇ ಕಲಾವಿದರಿಗೆ ಪೂರ್ಣಾವಧಿಯ ಕೆಲಸವಾಗಿಬಿಡಬಹುದು. ವಾರವಾರ ವಿಡಿಯೊ ಹಾಕು, ಹುಟ್ಟುಹಬ್ಬಕ್ಕೆ ಹಾರೈಸು, ಗೃಹಪ್ರವೇಶಕ್ಕೆ ಬಂದು ಎರಡು ಹಾಡು ಹೇಳು. ಹೊತ್ತು ಕೊಡಿಸಲೆಂದು ಹೊರಟವರೇ ಹೊತ್ತು ಕಿತ್ತುಕೊಂಡಂತೆ. ಬೇರೆ ಕಡೆ ಮಾಸಿಕ ದೇಣಿಗೆಯಲ್ಲಿ ಬದುಕುವ ಎಷ್ಟೋ ಸ್ವತಂತ್ರ ಕಲಾವಿದರು ಈ ಬಲೆಯಲ್ಲಿ ಸಿಕ್ಕಿಕೊಂಡಿದ್ದಾರೆ. ವರ್ಷಕ್ಕೆ ಎರಡು ಸಂಜೆ ಸಾಕು. ಆ ಸಂಜೆ ಅವರು ಮುಗಿಯದ ಕೆಲಸವನ್ನೇ ತೋರಿಸಲಿ: ತಿದ್ದಿದ ಹಸ್ತಪ್ರತಿ, ಅರ್ಧ ಬಿದ್ದ ಬಣ್ಣ, ಇನ್ನೂ ಕೂರದ ರಾಗ. ಎಲ್ಲಿ ಸಿಕ್ಕಿಕೊಂಡಿದ್ದೇನೆಂದು ಹೇಳಲಿ. ನಾವು ಕೂತು ಕೇಳೋಣ. ನಾಟಕದ ತಾಲೀಮಿನಲ್ಲಿ ನಮಗೆ ಕಾಣುವ ಹೊತ್ತು ಇಲ್ಲೂ ಕಣ್ಣಿಗೆ ಬೀಳಲಿ. ಹಾರ, ಸ್ವಾಗತ ಭಾಷಣ, ವಂದನಾರ್ಪಣೆ ಯಾವುದೂ ಬೇಡ. ಕಲಾವಿದರು ವರ್ಷಕ್ಕೊಮ್ಮೆ ಹಣದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಡಲಿ, ಕೆಲಸ ಮುಗಿದಾಗ ಮೊದಲ ಪ್ರತಿ ಅಥವಾ ಮೊದಲ ಪ್ರದರ್ಶನ ಚಂದಾದಾರರಿಗಿರಲಿ. ಪುಸ್ತಕದ ಕೊನೆಯ ಪುಟದಲ್ಲಿ ನಮ್ಮ ಹೆಸರುಗಳು ಸಣ್ಣ ಅಕ್ಷರದಲ್ಲಿ ಬಂದರೆ ಬರಲಿ.

ಒಂದು ವರ್ಷದಲ್ಲಿ ಕೆಲಸ ಮುಗಿಯದೆ ಹೋದರೆ? ಹೋಗಬಹುದು. ಅದನ್ನು ಮೋಸ ಎಂದು ಕರೆಯಬೇಡಿ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನೋಡಿ. ಶಾಲಾ ಮೇಷ್ಟ್ರಾಗಿದ್ದ ವೈ. ಸುಬ್ಬರಾಯಶರ್ಮರು 1920ರಲ್ಲಿ ಅದನ್ನು ಆರಂಭಿಸಿದರು. 1948ರಲ್ಲಿ ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಶಾಂಕರ ವೇದಾಂತದ ಮೇಲೆ 200ರಷ್ಟು ಪುಸ್ತಕಗಳನ್ನು ಕೊಟ್ಟಿದ್ದರು. ಅಷ್ಟು ಕಠಿಣ ವಿಷಯದ ಪುಸ್ತಕಗಳು ಬಡವರ ಕೈಗೂ ಎಟುಕುವ ಬೆಲೆಯಲ್ಲಿ ಬಂದದ್ದು ಆಸ್ತಿಕರ ನೆರವಿನಿಂದ. ನೆರವು ಕೊಟ್ಟವರು ಈ ತಿಂಗಳು ಎಷ್ಟು ಪುಟವಾಯಿತು ಎಂದು ಕೇಳುತ್ತಾ ಕೂತಿದ್ದರೆ ಆ ಕೆಲಸ ಆಗುತ್ತಿರಲಿಲ್ಲ. ಧರ್ಮಗ್ರಂಥಕ್ಕೆ ತೋರಿದ ಆ ತಾಳ್ಮೆಯನ್ನು ಕಥೆಗೂ ಚಿತ್ರಕ್ಕೂ ಹಾಡಿಗೂ ತೋರಿಸಿ ಎಂದು ಬೇಡುತ್ತೇನೆ.

ಕಲಾವಿದರಿಗೂ ಒಂದು ಮಾತು. ಕೇಳಲು ನಾಚಬೇಡಿ. ‘ಹಣದ ಮಾತಾಡಿದರೆ ಕಲೆ ಮೈಲಿಗೆಯಾಗುತ್ತದೆ’ ಎಂದು ನಿಮಗೆ ಕಲಿಸಿದವರು ಯಾರು? ಹಾರ್ಮೋನಿಯಂ ಮೇಷ್ಟ್ರು ವೀಳ್ಯದ ಮಾತು ಮುಗಿಸಿಯೇ ಪೆಟ್ಟಿಗೆ ಬಿಚ್ಚುತ್ತಾರೆ, ಅವರ ಮೇಲಿನ ಗೌರವ ಯಾರಿಗೂ ಕಡಿಮೆಯಾಗಿಲ್ಲ. ನಿಮ್ಮ ಕೆಲಸಕ್ಕೆ ಎಷ್ಟು ತಿಂಗಳು ಬೇಕು, ಆ ತಿಂಗಳುಗಳಿಗೆ ಮನೆ ನಡೆಸಲು ಎಷ್ಟು ಬೇಕು ಎಂದು ಬರೆದು ನಮ್ಮ ಮುಂದಿಡಿ. ಪುಕ್ಕಟೆ ಕಾರ್ಯಕ್ರಮಕ್ಕೆ ಕರೆದರೆ ಪ್ರಯಾಣದ ಖರ್ಚು ಯಾರದೆಂದು ಕೇಳಿ. ಕರೆದವರು ಸಿಟ್ಟಾದರೆ ಆಗಲಿ.

ಅಭಿಮಾನಿಗಳೇ, ಈ ಜಿಲ್ಲೆಯಿಂದ ಇನ್ನೊಂದು ಪುಸ್ತಕ ಲಂಡನ್ನಿಗೆ ಹೋಗಲಿ ಎಂಬ ಆಸೆಗೆ ಇದನ್ನು ಬರೆಯುತ್ತಿಲ್ಲ. ಹೋದರೆ ಸಂತೋಷ. ಹೋಗದಿದ್ದರೂ ನಮ್ಮ ನಡುವೆ ಒಬ್ಬರು ಒಂದು ವರ್ಷ ನೆಮ್ಮದಿಯಿಂದ ಕೂತು ಕೆಲಸ ಮಾಡಿದರೆ ನನಗಷ್ಟೇ ಸಾಕು. ಮುಂದಿನ ತಿಂಗಳು ನಿಮ್ಮ ಸಂಘದಲ್ಲಿ ಸನ್ಮಾನ ಕಾರ್ಯಕ್ರಮದ ಸಭೆ ಸೇರುತ್ತದೆ ತಾನೇ? ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫ್ಲೆಕ್ಸು, ಪೆಂಡಾಲುಗಳ ಅಂದಾಜು ಪಟ್ಟಿಯನ್ನು ಯಾರೋ ಓದುತ್ತಾರೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಎದ್ದು ನಿಂತು, ಈ ಬಾರಿ ಆ ಹಣವನ್ನು ಕೆಲಸ ನಡೆಯುತ್ತಿರುವ ಒಬ್ಬರ ಖಾತೆಗೆ ಮುಂಗಡವಾಗಿ ಹಾಕೋಣ ಎಂದು ಹೇಳಿ. ನೀವು ಹೇಳಿದರೆ ಅನುಮೋದಿಸುವವರು ಆ ಸಭೆಯಲ್ಲೇ ಸಿಗುತ್ತಾರೆ. ಮೊದಲ ನೂರು ರೂಪಾಯಿ ನನ್ನದು.

ಇತಿ,
ನಿಮ್ಮವನೇ ಆದ ಹಾಸನ ಸೀಮೆಯ ಒಬ್ಬ ಓದುಗ